ಯಜಮಾನನಿಲ್ಲದ ಮಗ್ಗದ ಮನೆ

ಮೊನ್ನೆ ನಮ್ಮ ಮನೆಗೊಂದು ಹೊಸ ರೇಷ್ಮೆ ಸೀರೆ ಬಂತು. ಮೊಮ್ಮಗಳ ಮದುವೆಗೆಂದು ನನ್ನ ಸೊಸೆ ಸರೋಜ ಮೊಳಕಾಲ್ಮೂರಿನಿಂದ ತರಿಸಿದ್ದು. ಚಳ್ಳಕೆರೆಯ ನಮ್ಮ ಪಡಸಾಲೆಯಲ್ಲಿ ಅದರ ಕಾಗದ ಬಿಚ್ಚಿದೊಡನೆ ಹೊಸ ರೇಷ್ಮೆಯ ವಾಸನೆ ಎದ್ದಿತು. ಆ ವಾಸನೆಯನ್ನು ನಿಮಗೆ ಹೇಗೆ ಹೇಳಲಿ? ಒಂದು ಪಾಲು ಗಂಜಿ, ಒಂದು ಪಾಲು ಬಣ್ಣದ ಹುಳಿ, ಇನ್ನೊಂದು ಪಾಲು ಮಳೆಯಲ್ಲಿ ನೆನೆದ ಕುರಿ. ಅತ್ತರಿನಂಥದ್ದೇನೂ ಅಲ್ಲ. ಆದರೂ ಅದು ಮೂಗಿಗೆ ತಾಗಿದರೆ ಸಾಕು, ಯಾರೋ ಕೆಲಸ ಹೇಳಲು ಬಂದರೆಂಬಂತೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಸೊಸೆ, ಮೊಮ್ಮಗಳು, ಪಕ್ಕದ ಮನೆಯವರು ಎಲ್ಲರೂ ಸೆರಗು ನೋಡಿದರು, ಬಣ್ಣ ನೋಡಿದರು, ಅಂಚಿನ ಜರಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಮಾತ್ರ ಮಡಿಕೆಯೊಳಗೆ ಕೈ ತೂರಿಸಿ ಸೀರೆಯ ಹಿಂಬದಿಯನ್ನು ಸವರುತ್ತ ಕುಳಿತಿದ್ದೆ. ಅಂದವೆಲ್ಲ ಮೇಲಿರುವಾಗ ಅಜ್ಜಿ ಕೆಳಗೇನು ಹುಡುಕುತ್ತಾಳೆ ಎಂದು ಮೊಮ್ಮಗಳು ನಕ್ಕಳು. ಬಟ್ಟೆಯ ಹಿಂಬದಿ ನೋಡದೆ ಒಪ್ಪಿಕೊಳ್ಳಬಾರದು ಎಂದು ಹಿರಿಯರ ಮಾತಿನಂತೆ ಏನೋ ಹೇಳಿ ತಪ್ಪಿಸಿಕೊಂಡೆ. ನಿಜವಾದ ಕಾರಣ ಅಷ್ಟು ಚಿಕ್ಕದಲ್ಲ. ಅದನ್ನು ಹೇಳಬೇಕಾದರೆ ರಷ್ಯಾ ದೇಶದವರೆಗೂ ಹೋಗಿ ಬರಬೇಕಾಗುತ್ತದೆ. ಪುರಸೊತ್ತಿದ್ದರೆ ಜೊತೆಗೆ ಬನ್ನಿ. ದಾರಿಯಲ್ಲಿ ಅಲ್ಲಲ್ಲಿ ಕೂತು ಏಳುವವಳು ನಾನು, ಅವಸರ ಮಾಡಬೇಡಿ.

ನನ್ನ ತವರು ಪರಶುರಾಂಪುರ. ನಮ್ಮಪ್ಪ ಮಗ್ಗ ಬಿಟ್ಟು ಬಳಪ ಹಿಡಿದವರು, ಅಲ್ಲಿಯ ಶಾಲೆಯಲ್ಲಿ ಮೇಷ್ಟ್ರು. ಗಂಡುಮಕ್ಕಳಿಲ್ಲದ ಮನೆ, ಕಲಿಸುವ ಚಟ ಬಿಡಲಾರದೆ ನನಗೇ ಓದಲು ಕಲಿಸಿಬಿಟ್ಟರು. ನನ್ನ ಮದುವೆಯ ಮಾತುಕತೆಯಲ್ಲಿ ಅವ್ವ ಈ ಸಂಗತಿಯನ್ನು ಸೆರಗಿನಡಿ ಮುಚ್ಚಿಟ್ಟಿದ್ದಳು. ಹುಡುಗಿಗೆ ಮೆಳ್ಳೆಗಣ್ಣಿದ್ದರೆ ಹೇಗೆ ಮುಚ್ಚಿಡುತ್ತಾರೋ ಹಾಗೆ. ಯುರೋಪಿನ ದೊಡ್ಡ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಕಾಲ ಅದು. ಮೊಳಕಾಲ್ಮೂರಿನ ನೇಕಾರರ ಮನೆಗೆ ನಾನು ಸೊಸೆಯಾಗಿ ಬಂದೆ.

ನೇಕಾರರ ಮನೆಯ ಸೊಸೆಗೆ ಒಲೆಗಿಂತ ಮೊದಲು ರಾಟೆಯ ಪರಿಚಯವಾಗುತ್ತದೆ. ನಮ್ಮವರು, ಅಂದರೆ ನನ್ನ ಗಂಡ, ನೇಯುತ್ತಿದ್ದುದು ಸಣ್ಣಪ್ಪ ಸಾಹುಕಾರರ ಮಗ್ಗದ ಮನೆಯಲ್ಲಿ. ಗುಡ್ಡದ ಬಂಡೆಗಳ ಕೆಳಗಿನ ಓಣಿಯಲ್ಲಿ ಮಣ್ಣಿನ ಚಾವಣಿಯ ಉದ್ದನೆಯ ಮಾಳಿಗೆ ಮನೆ. ಒಂದು ಬದಿ ಗಂಡಸರ ಮಗ್ಗಗಳು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ಕುಳಿತು ನೇಯುವಂಥವು. ಇನ್ನೊಂದು ಬದಿ ನಾವು ಹೆಂಗಸರು ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದೆವು. ಕಂಡಿಕೆಯೆಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ಕೂರುವ ಪುಟ್ಟ ನೂಲಿನ ಸುರುಳಿ. ನಡುವೆ ಎದೆಮಟ್ಟದ ಗೋಡೆ. ಮರ್ಯಾದೆಗೆ ಅಷ್ಟು ಗೋಡೆ ಸಾಕು, ಮಾತಿಗೆ ಅದು ಅಡ್ಡವಾಗುತ್ತಿರಲಿಲ್ಲ. ಒಂದೇ ವಾಕ್ಯ ಕನ್ನಡದಲ್ಲಿ ಗೋಡೆ ಹತ್ತಿ ತೆಲುಗಿನಲ್ಲಿ ಆಚೆ ಇಳಿಯುತ್ತಿತ್ತು.

ನನ್ನ ಗುಟ್ಟು ರಟ್ಟಾದದ್ದು ಜರಿಯಿಂದ. ಜರಿಯ ಸುರುಳಿಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಕಳಿಸುತ್ತಿದ್ದರು. ಒಂದು ದಿನ ಆ ಕಾಗದ ಬಿಡಿಸುತ್ತಿದ್ದಾಗ ನನಗೆ ಅರಿವಿಲ್ಲದೆಯೇ ಬಾಯಿ ಬಿಟ್ಟು ಓದಿದೆ. ಅದೊಂದು ಕೂದಲೆಣ್ಣೆಯ ಜಾಹೀರಾತು. ಗೋಡೆಯಾಚೆ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ನನ್ನ ಅತ್ತೆ ಕೆಂಗಣ್ಣು ಬಿಟ್ಟಳು, ನಾನು ತಲೆ ತಗ್ಗಿಸಿದೆ. ಆಗ ಗೋಡೆಯ ಪಕ್ಕದ ಮಗ್ಗದಿಂದ ಓಬಜ್ಜ ಹೇಳಿದ:

“ನಿಲ್ಲಿಸಬ್ಯಾಡ, ಓದವ್ವ. ಕೈಗೆ ಕೆಲ್ಸ ಐತೆ, ಕಿವಿ ಸುಮ್ನೆ ಕುಂತಾವೆ.”

ಓಬಜ್ಜ ಆ ಮಗ್ಗದ ಮನೆಯ ಹಿರಿಯ. ಹುಡುಗನಾಗಿದ್ದಾಗ ಕೊಂಡ್ಲಹಳ್ಳಿಯಿಂದ ಬಂದು ಆ ಗುಂಡಿಯಲ್ಲಿ ಕಾಲಿಟ್ಟವನು ಮತ್ತೆ ತೆಗೆದಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹಗಲು ಮಗ್ಗದಲ್ಲಿ ಕೂತು, ರಾತ್ರಿ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದ. ಅವನ ಮಾತನ್ನು ನನ್ನ ಅತ್ತೆಯೂ ತೆಗೆದುಹಾಕುವಂತಿರಲಿಲ್ಲ. ಹಾಗಾಗಿ ಅಂದಿನಿಂದ ನಾನು ಓದುವವಳಾದೆ. ನಾನು ಓದುವಷ್ಟು ಹೊತ್ತು ನನ್ನ ಪಾಲಿನ ಕಂಡಿಕೆಗಳನ್ನು ಉಳಿದ ಹೆಂಗಸರು ಸುತ್ತಬೇಕೆಂದು ತೀರ್ಮಾನವಾಯಿತು. ಅಪ್ಪ ಹೇಳಿಕೊಟ್ಟ ಅಕ್ಷರಗಳಿಂದ ನನಗೆ ಸಿಕ್ಕಿದ ಮೊದಲ ಲಾಭ ಅದು. ಲಾಭವಾದಾಗಿನಿಂದ ನಾನು ಇನ್ನಷ್ಟು ನಿಧಾನವಾಗಿ, ಸ್ಪಷ್ಟವಾಗಿ ಓದತೊಡಗಿದೆ.

ಲೋಕದ ಸುದ್ದಿ ನಮಗೆ ಜರಿಯ ಮೈಮೇಲೆ ಬರುತ್ತಿತ್ತು. ಹಳಸಿ, ಹರಿದು, ತಲೆಬಾಲವಿಲ್ಲದೆ. ಮಹಾರಾಜರು ದಸರೆಯ ಅಂಬಾರಿ ಏರಿದ್ದನ್ನು ನಾವು ಯುಗಾದಿಗೆ ಓದಿದ್ದುಂಟು. ಹೀಗಿರುವಾಗ ಒಂದು ದಿನ ಒಂದು ಚೂರು ಸಿಕ್ಕಿತು. ರಷ್ಯಾ ದೇಶದಲ್ಲಿ ಅರಸನನ್ನು ಕೆಳಗಿಳಿಸಿದ ಕಾರ್ಮಿಕರು ಇನ್ನು ಮುಂದೆ ತಾವೇ ನೇರವಾಗಿ ಆಳಬಲ್ಲರೆ, ಅಥವಾ ಅವರ ಹೆಸರಿನಲ್ಲಿ ಬೇರೆ ಯಾರಾದರೂ ಆಳಬೇಕಾಗುವುದೆ ಎಂಬ ಪ್ರಶ್ನೆಯನ್ನು ಅದರಲ್ಲಿ ಬಲು ಗಂಭೀರವಾಗಿ ಎತ್ತಿದ್ದರು. ಈ ಪ್ರಶ್ನೆಗೆ ಉತ್ತರವೇನೆಂದರೆ ಎಂಬಲ್ಲಿಗೆ ಬಂದು ಕಾಗದ ಹರಿದಿತ್ತು.

ಮುಂದೆ ಓದೆಂದರು. ಮುಂದೆ ಇಲ್ಲ ಎಂದೆ. ಹಿಂದೆ ತಿರುಗಿಸಿ ನೋಡೆಂದರು. ಹಿಂದೆ ಇದ್ದದ್ದು ಹಲ್ಲುಪುಡಿಯ ಜಾಹೀರಾತು. ಯಾರೂ ಲಾಳಿ ಎಸೆಯಲಿಲ್ಲ. ಉತ್ತರ ಯಾವ ಜರಿ ಸುತ್ತಿಕೊಂಡು ಯಾವ ಊರಿಗೆ ಹೋಯಿತೋ ಎಂದು ಓಬಜ್ಜ ನಿಟ್ಟುಸಿರು ಬಿಟ್ಟ.

ಕಾರ್ಮಿಕರು ಎಂಬ ಮಾತೇ ನಮಗೆ ಹೊಸದು. ನಾವು ನೇಯುವವರು, ಅವರು ಬಣ್ಣ ಹಾಕುವವರು, ಚಳ್ಳಕೆರೆಯ ಕಡೆಯವರು ಗಾಣದವರು, ಕಂಬಳಿಯವರು. ಇವರೆಲ್ಲರಿಗೂ ಸೇರಿ ಒಂದು ಹೆಸರಿದೆಯೆಂದು ತಿಳಿದು ಒಂದು ಥರ ಖುಷಿಯಾಯಿತು, ದೂರದ ನೆಂಟರು ಸಿಕ್ಕಂತೆ. ನಮ್ಮವರಿಗಂತೂ ಅಂದಿನಿಂದ ರಷ್ಯಾ ಹಿಡಿಯಿತು. ಊಟಕ್ಕೆ ಕೂತರೆ ರಷ್ಯಾ, ಎಲೆಯಡಿಕೆಗೆ ಕೂತರೆ ರಷ್ಯಾ. ಅಲ್ಲಿಯೂ ಮಗ್ಗಗಳಿಗೆ ಅಮಾವಾಸ್ಯೆ ರಜ ಇರಬಹುದೇ ಎಂದು ನನ್ನನ್ನು ಕೇಳುತ್ತಿದ್ದರು, ನನ್ನ ತವರು ಪರಶುರಾಂಪುರವಲ್ಲ ರಷ್ಯಾ ಎಂಬಂತೆ. ದುಡಿಯುವವರಿಗೆ ಯಜಮಾನನೇ ಬೇಡ ಎಂದು ವಾದಿಸುತ್ತಿದ್ದ ಆ ಮನುಷ್ಯನನ್ನು ನಾಲ್ಕು ಜನರೆದುರು ನಾನು ಯಜಮಾನ್ರು ಎಂದೇ ಕರೆಯಬೇಕಾಗಿತ್ತು. ಕರೆದಾಗಲೆಲ್ಲ ನಗು ತಡೆಯುವುದು ಕಷ್ಟವಾಗುತ್ತಿತ್ತು.

ಅವರ ಎದುರಾಳಿ ಮಹಬೂಬ್ ಸಾಹೇಬರು. ಚಳ್ಳಕೆರೆಯಲ್ಲಿ ಬಟ್ಟೆಯ ವ್ಯಾಪಾರ. ಅಮಾವಾಸ್ಯೆ ಕಳೆದ ಮೇಲೆ ಜಟಕಾದಲ್ಲಿ ಬಂದು ನಮ್ಮ ಸೀರೆಗಳನ್ನು ಒಯ್ಯುತ್ತಿದ್ದರು. ನಯವಾದ ಮನುಷ್ಯ, ಕೂತು ಮಾತಾಡುವವರು. ಹತ್ತು ಜನರ ನಡುವೆ ಹಾವು ಸಾಯುವುದಿಲ್ಲ ಎಂಬ ತೆಲುಗಿನ ಗಾದೆಯನ್ನು ಅವರು ಎಸೆದರು. ಕೋಲು ಹಿಡಿಯುವವನು ಒಬ್ಬನೇ ಇರಬೇಕು ಎಂದು. ನಮ್ಮವರು ಮಗ್ಗದಿಂದ ತಲೆಯೆತ್ತದೆಯೇ ಉತ್ತರ ಕೊಟ್ಟರು:

“ಹುತ್ತ ಕಟ್ಟಿದ್ದು ಗೆದ್ದಲು, ಒಳಗೆ ಸೇರ್ಕೊಂಡಿದ್ದು ಹಾವು. ಹುತ್ತ ಯಾರ್ದು ಅಂತ ಮೊದ್ಲು ಹೇಳ್ರಿ ಸಾಹೇಬ್ರೆ, ಹಾವಿನ ಮಾತು ಆಮ್ಯಾಲೆ.”

ಸಾಹೇಬರು ಗಡ್ಡ ನೀವುತ್ತ ನಕ್ಕು, ಈ ಮಾತನ್ನು ಸಣ್ಣಪ್ಪನವರ ಕಿವಿಗೆ ಹಾಕುವುದಿಲ್ಲ ಎಂದರು.

ಸಣ್ಣಪ್ಪ ಸಾಹುಕಾರರನ್ನು ಹಾವೆನ್ನುವುದು ಸ್ವಲ್ಪ ಅನ್ಯಾಯವೇ. ಕೆಟ್ಟವರಲ್ಲ, ಆದರೆ ಬೈಗುಳದಲ್ಲಿ ಪಂಡಿತರು. ಅಮಾವಾಸ್ಯೆಯ ದಿನ ಮಗ್ಗಗಳಿಗೆ ಪೂಜೆಯಾದ ಮೇಲೆ ಅವರು ಜಗಲಿಯಲ್ಲಿ ಒಂದು ಮಣೆ ಹಾಕಿ ಕೂರುತ್ತಿದ್ದರು. ಆ ತಿಂಗಳು ಮಗ್ಗದಿಂದ ಇಳಿದ ಸೀರೆಗಳನ್ನು ಒಬ್ಬೊಬ್ಬರಾಗಿ ತಂದು ಅವರ ಮುಂದೆ ಹಾಸಬೇಕು. ಅವರು ಮೇಲ್ಬದಿಯನ್ನು ನೋಡುತ್ತಲೇ ಇರಲಿಲ್ಲ. ಸೀರೆಯನ್ನು ತಿರುವಿ ಹಾಕಿ, ಹಿಂಬದಿಯಲ್ಲಿ ಅಂಗೈ ಸರಿಸುತ್ತ ಹೋಗುವರು. ಹರಿದ ಎಳೆ, ಅಂಚು ಮೈಗೆ ಸೇರುವಲ್ಲಿ ಬಿಟ್ಟುಹೋದ ಕಿಂಡಿ, ಸಡಿಲ ಬಿಟ್ಟ ಜರಿ, ಎಲ್ಲವೂ ಹಿಂಬದಿಯಲ್ಲೇ ಸಿಕ್ಕಿಬೀಳುತ್ತವೆ. ಕೈ ನಿಂತಿತೆಂದರೆ ಬೈಗುಳ ಹೊರಟಿತು. ಬೈಸಿಕೊಂಡವನು ಹಿತ್ತಲಿಗೆ ಬಂದು ಗೆಳೆಯರ ನಡುವೆ ನಿಂತು ಸಾಹುಕಾರರನ್ನು ಅದರ ಎರಡರಷ್ಟು ಬೈದು, ಎಲೆಯಡಿಕೆ ಹಾಕಿಕೊಂಡು ಹಗುರಾಗುತ್ತಿದ್ದ. ನೋಡಲು ಅದೂ ಪೂಜೆಯ ಒಂದು ಭಾಗದಂತೆಯೇ ಇರುತ್ತಿತ್ತು.

ಅಂಥ ಸಾಹುಕಾರರು ಒಂದು ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡರು. ಅವರ ಹೆಂಡತಿ ಗೌರಮ್ಮನವರಿಗೆ ಮಕ್ಕಳಿಲ್ಲ. ರಾಯದುರ್ಗದಿಂದ ಅವರ ತಮ್ಮ ಬಂದ. ತಿಥಿ ಮುಗಿಸಿಕೊಂಡು ಮಗ್ಗಗಳ ನಡುವೆ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡಿ, ಓಬಜ್ಜನ ಮಗ್ಗದ ಹತ್ತಿರ ನಿಂತು, ಮೊದಲು ಈ ಮುದುಕನನ್ನು ಕಳಿಸಬೇಕು ಎಂದು ಅಕ್ಕನಿಗೆ ಹೇಳಿದ. ನಮಗೆ ತಿಳಿಯದಿರಲೆಂದು ತೆಲುಗಿನಲ್ಲಿ ಹೇಳಿದ. ಮೊಳಕಾಲ್ಮೂರಿನಲ್ಲಿ ತೆಲುಗು ತಿಳಿಯದ ಕಿವಿ ಯಾವುದಿದೆ? ಓಬಜ್ಜ ತಲೆಯೆತ್ತಲಿಲ್ಲ, ಲಾಳಿ ಎಸೆಯುತ್ತಲೇ ಇದ್ದ.

ಆ ಸಂಜೆ ನಮ್ಮವರು ನೇಕಾರರನ್ನೆಲ್ಲ ಸೇರಿಸಿಕೊಂಡು ಗೌರಮ್ಮನವರ ಮುಂದೆ ಹೋಗಿ ನಿಂತರು. ತಮ್ಮನ ಕೈಗೆ ಒಪ್ಪಿಸಬೇಡಿ, ಮಗ್ಗದ ಮನೆಯನ್ನು ನಾವೇ ನಡೆಸುತ್ತೇವೆ, ನಿಮಗೆ ಸಲ್ಲುವುದು ನಿಮಗೆ ಸಲ್ಲುತ್ತದೆ ಎಂದರು. ತಮ್ಮನ ಒರಟುತನ ಗೌರಮ್ಮನವರಿಗೂ ಗೊತ್ತಿದ್ದದ್ದೇ. ದೀಪಾವಳಿಯವರೆಗೆ ನೋಡುತ್ತೇನೆ, ಬಟ್ಟೆ ಕೆಟ್ಟರೆ ಮಾತ್ರ ತಮ್ಮನಿಗೆ ಹೇಳಿ ಕಳಿಸುತ್ತೇನೆ ಎಂದರು. ಅಷ್ಟೇ ನಮ್ಮ ಕ್ರಾಂತಿ. ರಷ್ಯಾದಲ್ಲಿ ಎಷ್ಟೊಂದು ರಕ್ತ ಹರಿಯಿತಂತೆ; ನಮ್ಮಲ್ಲಿ ಹರಿದದ್ದು ಗೌರಮ್ಮನವರು ಕೊಟ್ಟ ಮಜ್ಜಿಗೆ.

ಮೊದಲ ದಿನಗಳ ಸಂಭ್ರಮವನ್ನು ಏನು ಹೇಳಲಿ! ಎಲ್ಲವನ್ನೂ ಎಲ್ಲರೂ ಕೂಡಿ ತೀರ್ಮಾನಿಸಬೇಕು. ಯಾವ ಬಣ್ಣದ ಸೀರೆ ಹಾಕಬೇಕೆಂಬ ಮಾತಿಗೆ ಕೂತರೆ ಒಬ್ಬೊಬ್ಬನೂ ತನ್ನ ಹೆಂಡತಿಗಿಷ್ಟವಾದ ಬಣ್ಣ ಹೇಳುವನು. ಯಾರ ಮನಸ್ಸೂ ನೋಯದಿರಲೆಂದು ಎಲ್ಲರ ಬಣ್ಣವನ್ನೂ ಸೇರಿಸಿ ಒಂದು ಸೀರೆ ನೇಯ್ದರು. ಆ ಸೀರೆಯನ್ನು ನೋಡಿದ ಮಹಬೂಬ್ ಸಾಹೇಬರು ನೀರು ಕೇಳಿ ಕುಡಿದರು. ಅದು ಮಾರಾಟವಾಗಲೇ ಇಲ್ಲ, ಕೊನೆಗೆ ಚೌಡಮ್ಮ ದೇವಿಗೆ ಉಡಿಸಿದೆವು. ದೇವಿ ಏನೂ ಅನ್ನಲಿಲ್ಲ. ಆದರೂ ಮನೆ ನಡೆಯುತ್ತಿತ್ತು. ಬೆಳಗಾಗುವ ಮೊದಲು ಬೀದಿಯುದ್ದಕ್ಕೂ ಹಾಸಿನ ಎಳೆಗಳನ್ನು ಬಿಗಿಯುವಾಗ ಗಂಡಸರು ಹಾಡಿಕೊಂಡು ಕೆಲಸ ಮಾಡುತ್ತಿದ್ದರು. ಸಾಹುಕಾರರ ಕಾಲದಲ್ಲಿ ಆ ಹಾಡು ನಾನು ಕೇಳಿರಲಿಲ್ಲ.

ತೊಡಕು ಬಂದದ್ದು ಮಣೆಯಿಂದ. ಸಾಹುಕಾರರ ಮಣೆಯ ಮೇಲೆ ಯಾರೂ ಕಾಯಂ ಆಗಿ ಕೂರಬಾರದು, ಒಂದೊಂದು ಅಮಾವಾಸ್ಯೆಗೆ ಒಬ್ಬೊಬ್ಬರು ಕೂತು ಎಲ್ಲರ ಬಟ್ಟೆ ನೋಡಬೇಕು ಎಂದು ನಮ್ಮವರೇ ಕಟ್ಟು ಮಾಡಿದ್ದರು. ನ್ಯಾಯವಾದ ಮಾತು. ಮೊದಲ ಸಲ ಅವರೇ ಕೂತರು. ಸೀರೆಗಳನ್ನು ತಿರುವಿ ಹಾಕಿ, ಅಂಗೈ ಆಡಿಸಿ, ಎಲ್ಲವೂ ಚೆನ್ನಾಗಿದೆ ಎಂದು ಒಪ್ಪಿಸಿ ಎದ್ದುಬಂದರು. ಮನೆಗೆ ಬಂದ ಮೇಲೆ, ನಿಜವಾಗಿ ಎಲ್ಲರದೂ ಚೆನ್ನಾಗಿತ್ತೇ ಎಂದು ಕೇಳಿದೆ. ಅವರು ಚೊಂಬು ಎತ್ತಿ ನೀರು ಕುಡಿಯುತ್ತಲೇ ಇದ್ದರು, ಚೊಂಬು ಇಳಿಸಲೇ ಇಲ್ಲ.

ಹೇಗೆ ಹೇಳಿಯಾರು? ಇವತ್ತು ಇವನ ಬಟ್ಟೆಯಲ್ಲಿ ಕಿಂಡಿ ಹುಡುಕಿದರೆ ಮುಂದಿನ ಅಮಾವಾಸ್ಯೆಗೆ ಮಣೆ ಅವನದು. ಅದಕ್ಕಿಂತ ಹೆಚ್ಚಾಗಿ, ಒಟ್ಟಿಗೆ ಹಾಡುತ್ತ ಹಾಸು ಬಿಗಿದವನ ಮುಖ ನೋಡಿ ನಿನ್ನ ಕೆಲಸ ಕೆಟ್ಟಿದೆ ಎನ್ನಲು ಬಾಯಿ ಬರಬೇಕಲ್ಲ. ಎರಡನೆಯವನು ಕೂತ, ಎಲ್ಲ ಚೆನ್ನಾಗಿದೆ ಎಂದ. ಮೂರನೆಯವನು ಇನ್ನೂ ಚೆನ್ನಾಗಿದೆ ಎಂದ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇರಲ್ಲ ಎಂದು ನನ್ನ ಅತ್ತೆ ರಾಟೆ ತಿರುಗಿಸುತ್ತ ಗೊಣಗಿದಳು. ತಪ್ಪು ಕೇಳುವವರಿಲ್ಲವೆಂದ ಮೇಲೆ ಕೈಗಳೂ ಒಂದಿಷ್ಟು ಸಡಿಲವಾದವು, ನಮ್ಮವರ ಕೈಯೂ ಸೇರಿ.

ದಾಕ್ಷಿಣ್ಯದ ದೊಡ್ಡ ಪಾಲು ಓಬಜ್ಜನಿಗೆ ಸಲ್ಲುತ್ತಿತ್ತು. ಅವನ ಕಣ್ಣು ಮಂಜಾಗುತ್ತಿತ್ತು. ನಮಗೆ ಹೆಂಗಸರಿಗೆ ಅದು ಮೊದಲೇ ತಿಳಿಯಿತು. ಕಂಡಿಕೆ ಕೈಗೆ ತೆಗೆದುಕೊಂಡು ಇದು ಹಸಿರೋ ನೀಲಿಯೋ ಎಂದು ಕೇಳತೊಡಗಿದ್ದ. ಆಮೇಲೆ ಅತ್ತೆ ಹಸಿರಿನವನ್ನು ಬುಟ್ಟಿಯ ಎಡಕ್ಕೂ ನೀಲಿಯವನ್ನು ಬಲಕ್ಕೂ ಇಟ್ಟು, ಇನ್ನು ಮೇಲೆ ಹೀಗೇ ಇಡುವುದು ಎಂದು ಏನೋ ವಾಡಿಕೆಯಂತೆ ಜೋರಾಗಿ ಹೇಳಿದಳು. ಅವನ ಸೀರೆಗಳಲ್ಲಿ ಅಂಚಿನ ಉದ್ದಕ್ಕೂ ಕಿಂಡಿಗಳಿರುತ್ತಿದ್ದವು. ಎಲ್ಲರೂ ನೋಡಿದ್ದರು, ಯಾರೂ ಅನ್ನಲಿಲ್ಲ. ಅಂದರೆ ಅವನು ಮಗ್ಗ ಬಿಡಬೇಕಾಗುತ್ತಿತ್ತು, ಮಗ್ಗ ಬಿಟ್ಟರೆ ಅವನಿಗೆ ಹೋಗಲು ಜಾಗವಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮಹಬೂಬ್ ಸಾಹೇಬರ ಜಟಕಾ ಬಂತು. ಅದರಲ್ಲಿ ನಮ್ಮದೇ ಸೀರೆಗಳಿದ್ದವು. ಗಿರಾಕಿಗಳು ತಿರುಗಿಸಿ ಕೊಟ್ಟರಂತೆ. ಅವನ್ನು ಗೌರಮ್ಮನವರ ಮುಂದೆ ಇಡುವಾಗ ಸಾಹೇಬರ ಮುಖ ಸಣ್ಣಗಾಗಿತ್ತು. ಗೆದ್ದ ವಾದವನ್ನು ಅವರು ಒಂದು ಮಾತಿನಲ್ಲೂ ಎತ್ತಲಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ. ಗೌರಮ್ಮನವರು ಹಿಂಬದಿಯನ್ನು ತಿರುವಿ ನೋಡಿದರು. ಗಂಡನ ಪಕ್ಕದಲ್ಲಿ ಇಷ್ಟು ವರ್ಷ ನಿಂತವರಿಗೆ ಅಷ್ಟೂ ತಿಳಿಯದೇ? ಇವನ್ನು ಒಪ್ಪಿದವರು ಯಾರು ಎಂದು ಕೇಳಿದರು. ಎಲ್ಲರೂ ಒಪ್ಪಿದ್ದರಿಂದ ಎಲ್ಲರೂ ಪಕ್ಕದವನ ಮುಖ ನೋಡಿದರು.

“ಬರೋ ಅಮಾವಾಸ್ಯೆಗೂ ಹಿಂಗೇ ಆದ್ರೆ ರಾಯದುರ್ಗಕ್ಕೆ ಹೇಳಿ ಕಳಿಸ್ತೀನಿ,” ಎಂದರು ಗೌರಮ್ಮನವರು. “ನನ್ನ ಮ್ಯಾಲೆ ಬೇಜಾರು ಮಾಡ್ಕೋಬ್ಯಾಡ್ರಿ.”

ನಮ್ಮವರು ಮನೆಗೆ ಬಂದು ಮುದ್ದೆ ಮುರಿಯದೆ ಕೂತರು. ಓಬಜ್ಜನ ತಪ್ಪು ಹೇಳಿದರೆ ನಾವೇ ಅವನನ್ನು ಗುಂಡಿಯಿಂದ ಎಬ್ಬಿಸಿದಂತೆ. ಹೇಳದಿದ್ದರೆ ಗೌರಮ್ಮನ ತಮ್ಮ ಬಂದು ಮೊದಲು ಎಬ್ಬಿಸುವುದು ಅವನನ್ನೇ. ರಷ್ಯಾದವರು ಇಂಥದ್ದಕ್ಕೆ ಏನು ಮಾಡುತ್ತಾರೋ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ರಷ್ಯಾದಲ್ಲೂ ಒಬ್ಬ ಓಬಜ್ಜ ಇದ್ದೇ ಇರುತ್ತಾನೆ, ಅವರೂ ಇವತ್ತು ಮುದ್ದೆ ಮುರಿಯದೆ ಕೂತಿರುತ್ತಾರೆ ಎಂದೆ. ಸಮಾಧಾನಕ್ಕೆಂದು ಹೇಳಿದ್ದು. ಅವರಿಗೆ ಸಿಟ್ಟು ಬಂದು ಮುದ್ದೆ ಮುರಿದರು. ಉಂಡರಲ್ಲ, ಅಷ್ಟೇ ಸಾಕು ಎನ್ನಿಸಿತು.

ಅಮಾವಾಸ್ಯೆ ಬಂತು. ಪೂಜೆಯಾಯಿತು. ಗೌರಮ್ಮನವರು ಜಗಲಿಯ ಕಂಬಕ್ಕೊರಗಿ ನಿಂತರು. ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದೆವು. ಆವತ್ತು ಯಾರ ಸರದಿಯಿತ್ತೋ ಅವನು ಹೆಜ್ಜೆ ಹಿಂದಿಡುತ್ತಿದ್ದ. ಆಗ ನಮ್ಮವರು ಮಣೆಯನ್ನೆತ್ತಿ ಗೋಡೆಗೆ ಒರಗಿಸಿದರು. ಇವತ್ತು ಇನ್ನೊಬ್ಬರ ಬಟ್ಟೆಯನ್ನು ಯಾರೂ ನೋಡುವುದು ಬೇಡ, ಅವರವರ ಬಟ್ಟೆಯ ತಪ್ಪನ್ನು ಅವರವರೇ ಹೇಳಲಿ, ಬಿಟ್ಟುಹೋದದ್ದನ್ನು ಮಾತ್ರ ಉಳಿದವರು ಹೇಳಲಿ ಎಂದರು. ಹಾಗೆಂದು ತಮ್ಮ ಸೀರೆಯನ್ನೇ ತಂದು ಹಿಂಬದಿ ಮೇಲಾಗಿ ಹಾಸಿದರು.

ಮದುವೆಯಾದ ಮೇಲೆ ಅವರು ಅಷ್ಟು ಬೆವರಿದ್ದನ್ನು ನಾನು ನೋಡಿರಲಿಲ್ಲ. ಇಲ್ಲಿ ಎಳೆ ಹರಿದಾಗ ಗಂಟು ಹಾಕಲು ಬೇಸರವಾಗಿ ಹಾಗೇ ಬಿಟ್ಟೆ, ಇಲ್ಲಿ ಮಾತಿನ ಭರದಲ್ಲಿ ಹೊಡೆತ ಸಡಿಲವಾಯಿತು, ಮಾತು ರಷ್ಯಾದ್ದು ಎಂದರು. ಯಾರೋ ಕಿಸಕ್ಕೆಂದರು. ಆ ನಗುವೇ ಕಟ್ಟೆ ಒಡೆದದ್ದು. ಎರಡನೆಯವನು ಬಂದ, ಮೂರನೆಯವನು ಬಂದ. ಆಮೇಲಂತೂ ಅದೇ ಒಂದು ಪೈಪೋಟಿಯಾಗಿ, ನಿನ್ನದೇನು ಮಹಾ ತಪ್ಪು, ನನ್ನದನ್ನು ನೋಡು ಎನ್ನುವವರೆಗೂ ಹೋಯಿತು. ಗೌರಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕೊನೆಗೆ ಓಬಜ್ಜ ಎದ್ದ. ನಗು ನಿಂತ ಬಗೆಯಲ್ಲೇ ಅವನಿಗೆ ಎಲ್ಲ ತಿಳಿದಿರಬೇಕು. ಸೀರೆಯನ್ನು ಹಾಸಲಿಲ್ಲ, ಎದೆಗವುಚಿಕೊಂಡೇ ನಿಂತ.

“ಬಿಚ್ಚೋದು ಬ್ಯಾಡ. ನನ್ನ ಕಣ್ಣು ಹೋಗೈತೆ. ನಿಮಗೂ ಗೊತ್ತೈತೆ, ನನಗೂ ಗೊತ್ತೈತೆ. ಸಾವ್ಕಾರ ಇದ್ದಿದ್ರೆ ಬೈತಿದ್ದ, ನಾನು ಹಿತ್ತಲಿಗೋಗಿ ಅವನ್ನ ಬೈಕೊಂಡು ಸುಮ್ನಾಗ್ತಿದ್ದೆ. ಈಗ ಯಾರ್ನ ಬೈಲಿ?”

ಅಷ್ಟು ಹೇಳಿ ಸೀರೆಯನ್ನು ನೆಲದ ಮೇಲಿಟ್ಟ. ಗಂಡಸರೆಲ್ಲ ನೆಲ ನೋಡಿದರು. ನನಗೆ ಅಳು ಬಂತು. ಬಾಗಿಲಲ್ಲಿ ನನ್ನ ಪಕ್ಕದಲ್ಲಿದ್ದ ಅತ್ತೆ ಒಂದು ಹೆಜ್ಜೆ ಮುಂದೆ ಬಂದಳು.

“ಓಬಣ್ಣ, ನಮ್ ಕಡೆ ಒಂದು ರಾಟೆ ದಿನಾ ಅರ್ಧ ಹೊತ್ತು ಸುಮ್ನೆ ನಿಂತಿರ್ತೈತೆ. ನಮ್ ಸೊಸೆ ಓದ್ತಾ ಕುಂತಿರ್ತಾಳೆ. ನೂಲು ಸುತ್ತಾಕೆ ಕಣ್ಣು ಬ್ಯಾಡ, ಬೆರಳು ಸಾಕು. ಬಾ.”

ಗಂಡಸು ರಾಟೆಗೆ ಕೂರುವುದು ನಮ್ಮ ಓಣಿಯಲ್ಲಿ ಹಿಂದೆಂದೂ ನಡೆದದ್ದಲ್ಲ. ಓಬಜ್ಜ, ಸರಿ, ಹೆಂಗಸರ ರಾಜ್ಯದಲ್ಲಾದರೂ ಯಜಮಾನ ಇದ್ದಾನೋ ಇಲ್ಲವೋ ನೋಡೋಣ ಎಂದು ಒಳಗೆ ನಡೆದು ಗೋಡೆಯ ನಮ್ಮ ಬದಿಗೆ ಬಂದ. ಗೌರಮ್ಮನವರು ಕಂಬ ಬಿಟ್ಟು ಒಳಗೆ ಹೋಗುತ್ತ, ನನ್ನ ತಮ್ಮ ರಾಯದುರ್ಗದಲ್ಲೇ ಚೆನ್ನಾಗಿದ್ದಾನೆ, ಅಲ್ಲೇ ಇರಲಿ ಎಂದರು.

ಹೀಗೆ ನನ್ನ ರಾಟೆ ಹೋಯಿತು. ನಾನು ಇಡೀ ಹೊತ್ತು ಓದುವವಳಾದೆ. ಮಹಬೂಬ್ ಸಾಹೇಬರು ಚಳ್ಳಕೆರೆಯಿಂದ ಇಡಿಯಾದ ಪತ್ರಿಕೆಗಳನ್ನೇ ತಂದುಕೊಡತೊಡಗಿದರು, ಗಾದೆಯನ್ನು ಮಾತ್ರ ಬಿಡಲಿಲ್ಲ. ಓಬಜ್ಜ ನನ್ನ ಪಕ್ಕದಲ್ಲಿ ಕೂತು ಸುತ್ತಿದ ಕಂಡಿಕೆಗಳು ನನ್ನವಕ್ಕಿಂತ ಬಿಗಿಯಾಗಿರುತ್ತಿದ್ದವೆಂದು ಎಲ್ಲರೂ ಹೇಳುತ್ತಿದ್ದರು. ದಾಕ್ಷಿಣ್ಯವಿಲ್ಲದೆ ಹೇಳುವುದನ್ನು ಕಲಿತುಬಿಟ್ಟಿದ್ದರಲ್ಲ. ಅವನು ಸಾಯುವವರೆಗೂ ಆ ಮಾಳಿಗೆಯ ಕೆಳಗೇ ಚಾಪೆ ಹಾಸಿದ.

ಹಾಗಾದರೆ ದುಡಿಯುವವರು ತಾವೇ ಆಳಬಲ್ಲರೇ? ನೀವು ಕೇಳಿಯೇ ಕೇಳುತ್ತೀರಿ. ಆ ಮಗ್ಗದ ಮನೆ ಯಜಮಾನನಿಲ್ಲದೆ ಹಲವು ವರ್ಷ ನಡೆಯಿತು. ಜಗಳವಿಲ್ಲದೆ ನಡೆಯಿತೆಂದರೆ ಸುಳ್ಳಾದೀತು. ಬಣ್ಣದ ಮಾತಿಗೆ ಪ್ರತಿ ಸಲವೂ ರಂಪವೇ. ಆಮೇಲೆ ಗೌರಮ್ಮನವರು ಹೋದರು, ಜಾಗ ಕೈ ಬದಲಾಯಿತು, ನಾವು ಚಳ್ಳಕೆರೆಗೆ ಬಂದೆವು. ರಷ್ಯಾದ ಕಥೆ ಏನಾಯಿತೆಂದು ದೊಡ್ಡ ದೊಡ್ಡ ಪುಸ್ತಕಗಳಿವೆಯಂತೆ, ನಾನು ಓದಿಲ್ಲ. ನಾನು ಕಂಡದ್ದಿಷ್ಟೇ: ಸಾಹುಕಾರನನ್ನು ಬಿಡುವುದು ನಮ್ಮವರಿಗೆ ಕಷ್ಟವಾಗಲಿಲ್ಲ, ತಪ್ಪನ್ನು ಹೊರಿಸಲು ಇದ್ದ ಒಬ್ಬ ಮನುಷ್ಯನನ್ನು ಬಿಡುವುದು ಕಷ್ಟವಾಯಿತು. ಅದನ್ನೂ ಬಿಟ್ಟ ಮೇಲೆ ಆ ಬಡ ಮಾಳಿಗೆಯಲ್ಲಿ ನಾವು ಸುಖವಾಗಿದ್ದೆವು. ಹೌದು, ಸುಖವಾಗಿದ್ದೆವು. ನನ್ನ ಬದುಕಿನ ಒಳ್ಳೆಯ ವರ್ಷಗಳು ಯಾವುವೆಂದು ಕೇಳಿದರೆ ಅವನ್ನೇ ತೋರಿಸುತ್ತೇನೆ.

ಇಷ್ಟು ಬರೆದು ಇವತ್ತು ಮಧ್ಯಾಹ್ನ ಊಟಕ್ಕೆ ಎದ್ದೆ. ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವುದು, ಕಾರ ಅರೆಯುವುದು, ಕುದಿಸುವುದು ಎಲ್ಲ ಸರೋಜಳದ್ದೇ. ಆದರೆ ಉಪ್ಪು ಹಾಕುವುದು ನಾನು. ಅವಳು ಸೊಸೆಯಾಗಿ ಬಂದ ದಿನದಿಂದ ಹಾಗೇ ನಡೆದಿದೆ, ಏಕೆಂದು ಯಾರೂ ಕೇಳಿಲ್ಲ. ಮಗ ಸಾರಿನನ್ನಕ್ಕೆ ಒಂದು ಸೌಟು ಮೊಸರು ಬೆರೆಸಿಕೊಂಡ. ಮೊಮ್ಮಗಳು ತುತ್ತಿಗೊಮ್ಮೆ ನೀರು ಕುಡಿದಳು. ಸರೋಜ ಬರೀ ಅನ್ನದ ಮೇಲೆ ಎರಡು ಹನಿ ಸಾರು ಹಾಕಿಕೊಂಡು ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಇದನ್ನೆಲ್ಲ ಎಷ್ಟೋ ದಿನಗಳಿಂದ ನೋಡುತ್ತಲೇ ಇದ್ದೆ. ಏನು ನೋಡುತ್ತಿದ್ದೇನೆಂದು ಹೊಳೆದದ್ದು ಇವತ್ತು.

ಸಾರಿಗೆ ಉಪ್ಪು ಜಾಸ್ತಿಯಾಗಿದೆ, ನನ್ನ ನಾಲಿಗೆಗೆ ತಿಳಿಯುತ್ತಿಲ್ಲ ಎಂದೆ. ಇಲ್ಲವ್ವ, ಚೆನ್ನಾಗಿಯೇ ಇದೆ ಎಂದ ಮಗ. ಸರೋಜ ಹಾಗೆನ್ನಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟು, ನನ್ನ ಮುಖ ನೋಡಿದಳು.

“ಯುಗಾದಿಯಿಂದ ಹಂಗೇ ಐತೆ, ಅತ್ತೆ,” ಎಂದಳು.

ಉಪ್ಪಿನ ಜಾಡಿಯನ್ನು ಅವಳ ಕಡೆಗೆ ಸರಿಸಿದೆ. ಸಂಜೆಯ ಸಾರು ನನಗೆ ಸಪ್ಪೆಯಾಗಿತ್ತು. ಮಗ ಎರಡು ಸಲ ಹಾಕಿಸಿಕೊಂಡ.